ಸ್ವಲ್ಪ ಎಡಕ್ಕೆ

"ಬಾ, ಬಾ, ಬಾ... ಇನ್ನೂ ಬಾ... ಏ, ನಿಲ್ಸು ಮಾರಾಯಾ, ಕಂಬಕ್ಕೆ ಗುದ್ದಿಬಿಡ್ತೀಯ!"

ಶವದ ಗಾಡಿ ಹಿಮ್ಮುಖವಾಗಿ ಚರ್ಚಿನ ಕಮಾನುಗಳ ಕಡೆಗೆ ಬರುತ್ತಿತ್ತು. ಅದರ ಹಿಂದೆ ನಿಂತ ಎರ್ಮೆತೆ ಎರಡೂ ಕೈ ಬೀಸಿ ಚಾಲಕನಿಗೆ ದಾರಿ ತೋರಿಸುತ್ತಿದ್ದ. ಪಕ್ಕದಲ್ಲಿ ಓರಿಯಾನೊ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗಾಡಿಯ ಚಕ್ರವನ್ನೇ ದಿಟ್ಟಿಸುತ್ತಿದ್ದ. ಇಬ್ಬರೂ ಸತ್ತವನ ಗೆಳೆಯರು, ಅವನಷ್ಟೇ ಹಳಬರು.

"ಅಜ್ಜಾ, ಗಾಡೀಲಿ ಕ್ಯಾಮೆರಾ ಇದೆ. ನೀವು ಸ್ವಲ್ಪ ಪಕ್ಕಕ್ಕೆ ಹೋಗಿ," ಅಂದ ಚಾಲಕ.

"ಬೊಲೋನ್ಯದ ಕಂಬದ ವಿಷಯ ನಿನ್ನ ಕ್ಯಾಮೆರಾಗೆ ಏನು ಗೊತ್ತು? ಆ ಪೆಟ್ಟಿಗೇಲಿ ಮಲಗಿರೋನು ಇವತ್ತು ಇಲ್ಲಿ ನಿಂತಿದ್ದಿದ್ರೆ ಏನಂತಿದ್ದ, ಹೇಳೋ ಓರಿಯಾನೊ."

"ಸ್ವಲ್ಪ ಎಡಕ್ಕೆ," ಅಂದ ಓರಿಯಾನೊ.

ಸುತ್ತ ನಿಂತಿದ್ದ ಮುದುಕರೆಲ್ಲ ನಕ್ಕರು. ಸತ್ತವನ ಮಗಳು ಮಿರ್ಕಾಳೂ ನಗಲು ನೋಡಿದಳು. ಅಪ್ಪನ ಮಾತನ್ನು ಊರೆಲ್ಲ ಹೀಗೆ ಪ್ರೀತಿಯಿಂದ ಆಡಿಕೊಳ್ಳುವಾಗ ಅವಳೊಬ್ಬಳಿಗೆ ನಗು ಬರಲಿಲ್ಲ.

ಅಪ್ಪ ಲೆಯಾರ್ಕೊ ಕ್ಷೌರಿಕ. ಜೀವಮಾನವಿಡೀ ಗಿರಾಕಿಗಳ ಗಲ್ಲ ಹಿಡಿದು "ಸ್ವಲ್ಪ ಎಡಕ್ಕೆ" ಎಂದು ತಲೆ ತಿರುಗಿಸಿದವನು. ಅಂಗಡಿ ಮುಚ್ಚಿದ ಮೇಲೆ, ಈ ಊರಿನ ನಿವೃತ್ತ ಗಂಡಸರೆಲ್ಲ ಹಿಡಿಯುವ ಕೆಲಸವನ್ನೇ ಅವನೂ ಹಿಡಿದ. ಎಲ್ಲಿ ರಸ್ತೆ ಅಗೆಯುತ್ತಾರೋ, ಎಲ್ಲಿ ಗೋಡೆ ಕಟ್ಟುತ್ತಾರೋ ಅಲ್ಲಿ ಬೇಲಿಯ ಹೊರಗೆ ನಿಂತು, ಬೆನ್ನ ಹಿಂದೆ ಕೈ ಕಟ್ಟಿ, ಕೇಳದವರಿಗೆಲ್ಲ ಸಲಹೆ ಕೊಡುವುದು. ಕಟ್ಟಡದ ವಿಷಯದಲ್ಲಿ ಅವನಿಗೆ ಒಂದಕ್ಷರವೂ ಗೊತ್ತಿರಲಿಲ್ಲ. ಅವನು ಬೀಳುತ್ತದೆ ಅಂದ ಗೋಡೆಗಳೆಲ್ಲ ಇವತ್ತಿಗೂ ಗಟ್ಟಿಯಾಗಿ ನಿಂತಿವೆ.

ಪೆಟ್ಟಿಗೆ ಗಾಡಿಯಿಂದ ಇಳಿಯಿತು. ಹೊತ್ತವರ ಬೂಟುಗಳು ಚೌಕದ ಹೊಸ ಕಲ್ಲುಹಾಸಿನ ಮೇಲೆ ಸದ್ದು ಮಾಡಿದವು.

ಸೋದರತ್ತೆ ಜಾಯಿರಾ ಮಿರ್ಕಾಳ ತೋಳು ಹಿಡಿದಳು. "ಕೆಲಸದ ಬೇಲಿ ಬರೋ ಭಾನುವಾರ ತೆಗೀಬೇಕಿತ್ತಂತೆ. ಅಪ್ಪ ಈ ಚೌಕದ ಮೇಲೇ ಹೋಗ್ಲಿ ಅಂತ ನಿನ್ನೆ ಸಂಜೇನೇ ಕೀಳಿಸಿದೆಯಂತೆ. ಅಕ್ಕಪಕ್ಕದೋರೆಲ್ಲ ಮಾತಾಡ್ಕೋತಿದಾರೆ ಕಣೇ, ಮಗಳು ಅಂದ್ರೆ ಹೀಗಿರ್ಬೇಕು ಅಂತ."

"ಸುಮ್ನಿರಿ ಅತ್ತೆ," ಅಂದಳು ಮಿರ್ಕಾ. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ನೆಲವೋ, ಅವಳೇ ಮುಂದೆ ನಿಂತು ಹಾಸಿಸಿದ್ದು. ಎಲ್ಲೂ ಒಂದು ಸಂದಿಯೂ ಇರಲಿಲ್ಲ.

* * *

ಕಳೆದ ಚಳಿಗಾಲದಲ್ಲಿ ಈ ಹಳೆಯ ಚೌಕದ ಕಲ್ಲುಗಳನ್ನೆಲ್ಲ ಎಬ್ಬಿಸಿ, ಅವುಗಳ ಜಾಗದಲ್ಲೇ ಮತ್ತೆ ಹಾಸುವ ಕೆಲಸ ಮಿರ್ಕಾಳ ಕೈಗೆ ಬಂದಿತ್ತು. ಅವಳಂಥ ವಾಸ್ತುಶಿಲ್ಪಿಗೆ ಬದುಕಿನಲ್ಲಿ ಒಮ್ಮೆ ಸಿಗುವ ಕೆಲಸ. ಮೊದಲ ದಿನದಿಂದಲೇ ಅಪ್ಪ ಗೆಳೆಯರ ದಂಡು ಕಟ್ಟಿಕೊಂಡು ಬಂದು ಬೇಲಿಗೆ ಅಂಟಿಕೊಂಡ. ಕ್ರೇನಿನವನಿಗೆ ಎಡಕ್ಕೆ ಅಂದ, ಕಲ್ಲು ಕೂರಿಸುವವನಿಗೂ ಎಡಕ್ಕೆ ಅಂದ. ಕೆಲಸಗಾರರು ಮುಸಿಮುಸಿ ನಕ್ಕರೂ ಅವಳು ಸಹಿಸಿಕೊಂಡಳು.

ಒಂದು ದಿನ ಸ್ಮಾರಕ ಇಲಾಖೆಯ ದೊಡ್ಡವರು ಪರಿಶೀಲನೆಗೆ ಬಂದರು. ಮಿರ್ಕಾ ನಕ್ಷೆ ಹರಡಿ, ದನಿ ಗಟ್ಟಿ ಮಾಡಿಕೊಂಡು ವಿವರಿಸುತ್ತಿದ್ದಳು. ಆಗ ಬೇಲಿಯ ಹೊರಗಿನಿಂದ ಕೂಗು ಬಂತು.

"ಮಿರ್ಕಾ! ಮಫ್ಲರ್ ಎಲ್ಲಿ? ಚಿಕ್ಕಂದಿನಿಂದ ನಿನ್ನ ಗಂಟಲಿಗೆ ಚಳಿ ಆಗಲ್ಲ ಅಂತ ಗೊತ್ತಿಲ್ವಾ? ಊಟ ಆಯ್ತಾ?"

ದೊಡ್ಡವರಲ್ಲೊಬ್ಬರು ಕನ್ನಡಕ ತೆಗೆದು, "ಹೇಳಿ, ಊಟ ಆಯ್ತಾ?" ಅಂದರು. ಎಲ್ಲರೂ ನಕ್ಕರು. ಅವಳ ಕಿವಿಯವರೆಗೆ ಬಿಸಿ ಏರಿತು.

ಅವತ್ತು ಮಧ್ಯಾಹ್ನವೇ ಅವಳು ಬೇಲಿಯ ಸುತ್ತ ದಪ್ಪ ಹಸಿರು ಬಟ್ಟೆ ಕಟ್ಟಿಸಿದಳು. ದೂಳು ಹೊರಗೆ ಹೋಗದಿರಲಿ ಅಂತ, ಎಂದು ಮೇಸ್ತ್ರಿಗೆ ಹೇಳಿದಳು. ಮೇಸ್ತ್ರಿ ಅವಳ ಮುಖ ನೋಡಿ ತಲೆಯಾಡಿಸಿದ.

ಕೆಲವು ದಿನ ಕಳೆದ ಮೇಲೆ ಬಟ್ಟೆಯಲ್ಲಿ ಒಂದು ತೂತು ಕಂಡಿತು. ಹರಿದದ್ದಲ್ಲ, ಕತ್ತರಿಯಿಂದ ಅಂಚು ತೀಡಿ ದುಂಡಗೆ ಕತ್ತರಿಸಿದ್ದು. ಅವಳು ಹತ್ತಿರ ಹೋದಳು. ತೂತಿನಲ್ಲಿ ಒಂದು ಕಣ್ಣಿತ್ತು. ಬಿಳಿ ಹುಬ್ಬಿನ, ತೇವ ತುಂಬಿದ ಕಣ್ಣು. ಅದು ಅವಳನ್ನು ಕಂಡು ಹಿಗ್ಗಿ ಕಿರಿದಾಯಿತು. ನಗುವಾಗ ಅಪ್ಪನ ಕಣ್ಣು ಹಾಗೇ ಆಗುತ್ತಿತ್ತು.

ಮಿರ್ಕಾ ತಿರುಗಿ ಹೋದಳು. "ಅಲ್ಲೊಂದು ತೂತು ಬಿದ್ದಿದೆ, ತೇಪೆ ಹಾಕ್ಸಿ," ಎಂದು ಮೇಸ್ತ್ರಿಗೆ ಹೇಳಿದಳು. ಆ ಮೇಲೆ ತೂತು ಬೀಳಲಿಲ್ಲ. ಅಪ್ಪ ಬೇರೆಲ್ಲೋ ಅಗೆಯುವುದನ್ನು ನೋಡಲು ಹೋಗಿರಬೇಕು ಅಂದುಕೊಂಡು ನೆಮ್ಮದಿಯಾದಳು. ಮಂಗಳವಾರ ಬೆಳಗ್ಗೆ ಅಪ್ಪ ನಿದ್ದೆಯಲ್ಲೇ ಹೋಗಿದ್ದಾನೆಂದು ಅತ್ತೆ ಫೋನು ಮಾಡುವ ತನಕ ಆ ನೆಮ್ಮದಿ ಇತ್ತು.

* * *

ಸ್ಮಶಾನದಲ್ಲಿ ಶವಪೆಟ್ಟಿಗೆ ಇಡುವ ಗೋಡೆಯ ಗೂಡು ತೆರೆದು ಕಾದಿತ್ತು. ಅಮ್ಮನದರ ಪಕ್ಕದ್ದೇ, ಎದೆ ಎತ್ತರದ್ದು. ಪೆಟ್ಟಿಗೆಯನ್ನು ಒಳಗೆ ಸರಿಸಿದ ಮೇಲೆ ಗಾರೆಯವನು ಕೆಂಪು ಬಿಳಿ ಪಟ್ಟಿ ಕಟ್ಟಿ, "ದಯವಿಟ್ಟು ಎಲ್ಲರೂ ಇದರ ಆಚೆ," ಅಂದ. ಮಿರ್ಕಾ ಆಚೆ ನಿಂತಳು. ಬೇಲಿಯ ಹೊರಗೆ ನಿಲ್ಲುವುದು ಹೇಗಿರುತ್ತದೆಂದು ಅವಳಿಗೆ ಈಗ ತಿಳಿಯಿತು.

ಅವಳು ಎರ್ಮೆತೆಯ ಹತ್ತಿರ ಸರಿದು ದನಿ ತಗ್ಗಿಸಿ ಕೇಳಿದಳು. "ಮಾಮ, ನಾನು ಬಟ್ಟೆ ಕಟ್ಟಿಸಿದ ಮೇಲೆ ಅಪ್ಪ ಎಲ್ಲಿಗೆ ಹೋಗ್ತಿದ್ದ?"

"ಎಲ್ಲಿಗೆ ಹೋಗ್ತಾನೆ? ಅಲ್ಲೇ ನಿಂತಿರ್ತಿದ್ದ."

"ಏನೂ ಕಾಣ್ತಿರ್ಲಿಲ್ವಲ್ಲ."

"ಕೇಳಿಸ್ತಿತ್ತಲ್ಲ. 'ಇವತ್ತು ಬೈತಿದಾಳೆ, ಅಂದ್ರೆ ಕೆಲಸ ಚೆನ್ನಾಗಿ ನಡೀತಿದೆ' ಅಂತಿದ್ದ. ಒಂದಿನ 'ಕೆಮ್ಮಿದ್ಲು ಕಣ್ರೋ' ಅಂತ ಮುಖ ಸಣ್ಣದು ಮಾಡ್ಕೊಂಡು ಮನೆಗೆ ಹೋದ. ಟ್ರಾಮಿನ ಕೆಲಸ ನೋಡೋಣ ಬಾರೋ ಅಂತ ಕರೆದ್ರೆ, ಅಲ್ಲಿ ನನಗ್ಯಾರಿದಾರೆ ಅಂದ."

ಮಿರ್ಕಾ ಕೆಂಪು ಬಿಳಿ ಪಟ್ಟಿಯನ್ನು ನೋಡುತ್ತ ಕೇಳಿದಳು. "ಆ ತೂತಿಗೆ ತೇಪೆ ಹಾಕ್ಸಿದ್ದು ಯಾರು ಅಂತ ಅವನಿಗೆ ಗೊತ್ತಿತ್ತಾ?"

ಎರ್ಮೆತೆ ಗೋಡೆಯ ಕಡೆ ನೋಡಿದ. "ಗೊತ್ತಿರ್ಲಿಲ್ಲ ಅಂದ್ರೆ ನಿನಗೆ ನಿದ್ದೆ ಬರುತ್ತಾ, ಮಗಳೇ? ಹಾಗಾದ್ರೆ ಗೊತ್ತಿರ್ಲಿಲ್ಲ."

ಗಾರೆಯವನು ಇಟ್ಟಿಗೆ ಇಡಲು ಶುರುಮಾಡಿದ್ದ. ಮುದುಕರು ಒಬ್ಬೊಬ್ಬರಾಗಿ ಪಟ್ಟಿಯ ಅಂಚಿಗೆ ಬಂದು, ಬೆನ್ನ ಹಿಂದೆ ಕೈ ಕಟ್ಟಿ ಸಾಲಾಗಿ ನಿಂತರು.

"ಗಾರೆ ನೀರಾಯ್ತು," ಅಂದ ಓರಿಯಾನೊ.

"ನೀರಲ್ಲ, ಗಟ್ಟಿಯಾಯ್ತು," ಅಂದ ಎರ್ಮೆತೆ.

"ಸ್ವಾಮಿ, ಇದು ಸ್ಮಶಾನ," ಗಾರೆಯವನು ತಿರುಗಿದ. "ಇಲ್ಲಾದ್ರೂ ನನ್ನ ಪಾಡಿಗೆ ಕೆಲಸ ಮಾಡೋಕೆ ಬಿಡ್ತೀರಾ? ಈ ಕಡೆ ಒಂದು ಬಟ್ಟೆ ಕಟ್ಟಬೇಕಿತ್ತು ನಾನು."

"ಬೇಡ!" ಮಿರ್ಕಾಳ ದನಿ ಸ್ಮಶಾನಕ್ಕೆ ಹೆಚ್ಚಾಯಿತು. "ಬಟ್ಟೆ ಬೇಡ. ಅವರು ನೋಡ್ಲಿ. ಏನು ಬೇಕಾದ್ರೂ ಹೇಳ್ಲಿ ಬಿಡಿ."

ಇಟ್ಟಿಗೆ ಏರುತ್ತ ಹೋಯಿತು. ಮೇಲೆ ಒಂದೇ ಇಟ್ಟಿಗೆಯ ಜಾಗ ಉಳಿದಾಗ ಅವಳು ಪಟ್ಟಿಯ ಕೆಳಗೆ ನುಸುಳಿ ಗೋಡೆಯ ಹತ್ತಿರ ಹೋದಳು. ಯಾರೂ ತಡೆಯಲಿಲ್ಲ. ತುದಿಗಾಲಲ್ಲಿ ನಿಂತು ಆ ಕಂಡಿಗೆ ಕಣ್ಣಿಟ್ಟಳು. ಒಳಗೆ ಹಸಿ ಗಾರೆಯ, ಹೊಸ ಮರದ ವಾಸನೆ. ಕತ್ತಲಲ್ಲಿ ಏನೂ ಕಾಣಲಿಲ್ಲ. ಕಿವಿ ಇಟ್ಟಳು, ಏನೂ ಕೇಳಿಸಲಿಲ್ಲ.

ಗಾರೆಯವನು ಮೆಲ್ಲಗೆ, "ಅಮ್ಮಾ, ಗಾರೆ ಒಣಗುತ್ತೆ," ಅಂದ. ಅವಳು ಸರಿದು ನಿಂತಳು.

ಅವನು ಕೊನೆಯ ಇಟ್ಟಿಗೆ ತುರುಕಿ, ಸುತ್ತಲಿನ ಗಾರೆ ಒತ್ತಿ ಸಮ ಮಾಡಿದ. ಮುದುಕರು ಏನನ್ನೋ ಕಾದಂತೆ ನಿಂತಿದ್ದರು. ಹೇಳಬೇಕಾದವನು ಒಳಗಿದ್ದ.

"ಸ್ವಲ್ಪ ಎಡಕ್ಕೆ," ಅಂದಳು ಮಿರ್ಕಾ.

"ಎಡಕ್ಕೆ ಜಾಗ ಎಲ್ಲಿದೆ ಅಮ್ಮಾ? ಇದು ಕೊನೇದು," ಅಂದ ಗಾರೆಯವನು. ಹಾಗಂದವನು ತಿರುಗಿ ನೋಡಿದ. ಅವಳ ಕೈಗಳು ಬೆನ್ನ ಹಿಂದೆ ಹೋಗಿದ್ದವು. ಅವನು ಕರಣೆಯನ್ನು ತಿರುಗಿಸಿ ಹಿಡಿದು, ಅದರ ಹಿಡಿಯಿಂದ ಇಟ್ಟಿಗೆಯ ಬಲಗಡೆಗೆ ಮೆಲ್ಲಗೆ ಎರಡು ಸಲ ತಟ್ಟಿದ. ಇಟ್ಟಿಗೆ ಒಂದಿಷ್ಟೂ ಅಲುಗಲಿಲ್ಲ.