ಕುಸ್ಕೊದ ಅಡುಗೆಮನೆ

ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ ಇಂಕಾ ಜನರ ಗೋಡೆಗಳನ್ನು ಕಣ್ಣಾರೆ ನೋಡಬೇಕೆಂದು ಮನೆಯಲ್ಲಿ ಮೊದಲು ಹೇಳಿದವಳು ನಾನು. ಬಿ.ಎ. ಓದುವಾಗ ಹುಟ್ಟಿದ ಆಸೆ. ಈಗ ನನ್ನ ಯಜಮಾನರು, ಮೈದುನ ಬೈರಪ್ಪ, ಅವನ ಹೆಂಡತಿ ಮುನಿರತ್ನಮ್ಮ, ಅವರ ಮಗ ದೇವೇಂದ್ರ, ಎಲ್ಲರೂ ಪೆರುವಿಗೆ ಹೊರಡುವುದೆಂದಾಯಿತು. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ದೇವೇಂದ್ರನೇ ಏರ್ಪಾಟಿಗೆ ನಿಂತ. ಶಿಫ್ಟ್ ಮುಗಿಸಿ ದಣಿದು ಬಂದರೂ, ನನಗೆ ಕಾಣುವಂತೆ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿ ತೋರಿಸುವಷ್ಟು ತಾಳ್ಮೆ ಅವನಿಗೆ.

ಭಾನುವಾರ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ಯೋಜನೆ ಹೇಳಿದ.

"ನಾವು ಇಳ್ಕೊಳ್ಳೋ ಕುಸ್ಕೊ ಊರಲ್ಲಿ ಹೋಟ್ಲು ಬೇಡ ದೊಡ್ಡಮ್ಮ. ಅಡುಗೆಮನೆ ಇರೋ ಮನೆ ನೋಡಿದ್ದೀನಿ. ಕುಕ್ಕರ್ರು, ರಾಗಿಹಿಟ್ಟು, ಸಾರಿನಪುಡಿ ತಗೊಂಡು ಹೋದ್ರಾಯ್ತು."

"ಮುದ್ದೆ ಇಲ್ದೆ ನಂಗಾಗಲ್ಲ ಕಣಪ್ಪ" ಎಂದರು ಯಜಮಾನರು.

"ಆ ಇಂಕಾ ಗೋಡೆಗಳಿರೋ ಮಾಚು ಪಿಚು ಬೆಟ್ಟಕ್ಕೆ ದಿನಕ್ಕೆ ಇಷ್ಟೇ ಜನ ಅಂತಿದೆ. ನಾವು ಹೋಗೋ ದಿನಕ್ಕೆ ಮೂರೇ ಟಿಕೆಟ್ ಉಳಿದಿರೋದು. ನಾನು, ಅಪ್ಪ, ದೊಡ್ಡಪ್ಪ ಹೋಗ್ಬರ್ತೀವಿ. ನೀವಿಬ್ರೂ ಅವತ್ತು ರೆಸ್ಟ್ ತಗೊಳ್ಳಿ. ಸುಸ್ತಾಗಿ ಬರ್ತೀವಲ್ಲ, ಬಿಸಿಯಾಗಿ ಮುದ್ದೆ ಸಾರು ಮಾಡಿಟ್ಟಿದ್ರೆ ಸಾಕು."

"ರೆಸ್ಟ್ ಅಂದ್ರೆ ಮುದ್ದೆ ತಿರುವೋದೇನ್ಲಾ?" ಎಂದಳು ಮುನಿರತ್ನಮ್ಮ.

"ಹತ್ತೋದು ಕಷ್ಟ ಅಂತ ಅಮ್ಮ."

"ಹೋದ ತಿಂಗ್ಳು ಶಿವಗಂಗೇಲಿ ನಿಮ್ಮ ದೊಡ್ಡಪ್ಪ ಅರ್ಧದಲ್ಲೇ ಕೂತ್ಕೊಂಡ್ರು. ಮೇಲಕ್ಕೆ ಹತ್ತಿದೋರು ನಾನೂ ಅಕ್ಕಾನೂ."

"ಅವತ್ತು ಮಂಡಿ ಹಿಡ್ಕೊಂಡಿತ್ತು" ಎಂದು ಯಜಮಾನರು ಪೇಪರು ಮಡಚಿದರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಷ್ಟರಲ್ಲಿ, ಮಾತೇ ಕಡಿಮೆಯಾದ ಬೈರಪ್ಪ ಬಾಯಿಬಿಟ್ಟ. "ನನ್ನ ಟಿಕೆಟ್ ಅತ್ತಿಗೆಗೆ ಕೊಡೋ."

ಒಳ್ಳೆಯ ಮನಸ್ಸಿನಿಂದ ಬಂದ ಮಾತು. ನಾನು ಚಿಕೂನ್‌ಗುನ್ಯದಲ್ಲಿ ಮಲಗಿದ್ದಾಗ ಕೇಳದೆಯೇ ಎಳನೀರು ಕೆತ್ತಿ ತಂದಿಡುತ್ತಿದ್ದವನು ಅವನು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ, ಹೆಚ್ಚಾಯಿತು.

"ನಿನ್ನ ಮನಸ್ಸು ದೊಡ್ಡದು ಬೈರಪ್ಪ. ಆದ್ರೆ ಅದು ನಿನ್ನ ಟಿಕೆಟ್ ಆಗಿದ್ದು ಹೇಗೆ? ಆ ಗೋಡೆಗಳ ಮಾತು ಈ ಮನೇಲಿ ಎತ್ತಿದೋಳೇ ನಾನು. ನನ್ನ ಕೇಳದೆ ನೀವೇ ಹಂಚ್ಕೊಂಡು, ಈಗ ನನಗೇ ದಾನ ಮಾಡ್ತೀರಾ? ಮುನಿರತ್ನಂಗೆ ಯಾರು ಮಾಡ್ತಾರೆ?"

"ಇನ್ನೂ ಏನೂ ಬುಕ್ ಮಾಡಿಲ್ಲ ದೊಡ್ಡಮ್ಮ" ಎಂದ ದೇವೇಂದ್ರ ಮೆಲ್ಲಗೆ.

"ಒಳ್ಳೇದಾಯ್ತು. ಐದು ಟಿಕೆಟ್ ಸಿಗೋ ದಿನ ಹುಡುಕು. ಸಿಗದಿದ್ರೆ ಎರಡು ಸಾಕು, ನಮ್ಮಿಬ್ಬರ ಹೆಸರಿಗೆ. ನೀವು ಮೂವರೂ ರೆಸ್ಟ್ ತಗೊಳ್ಳಿ. ಆ ಅಡುಗೆಮನೇನೂ ಬಿಡು. ಆ ಊರೋರು ತಿನ್ನೋದನ್ನೇ ತಿನ್ನೋಣ."

"ಮುದ್ದೆ..." ಎಂದರು ಯಜಮಾನರು.

"ನೀವು ತಿರುವೋದಾದ್ರೆ ಹಿಟ್ಟು ನಾನೇ ಕಟ್ಕೊಡ್ತೀನಿ."

ದೇವೇಂದ್ರ ಬಹಳ ಹೊತ್ತು ಫೋನು ತಡಕಿದ. "ನಾಲ್ಕು ದಿನ ಮುಂದಕ್ಕೆ ಹೋದ್ರೆ ಐದೂ ಸಿಗುತ್ತೆ" ಎಂದು ಯಜಮಾನರ ಮುಖ ನೋಡಿದ.

"ಅವರ ಮುಖ ಯಾಕೋ ನೋಡ್ತೀಯ, ಒತ್ತು" ಎಂದಳು ಮುನಿರತ್ನಮ್ಮ.

"ಹೆಸರು ಕೇಳ್ತಿದೆ" ಎಂದ ದೇವೇಂದ್ರ, ಫೋನು ನೋಡುತ್ತ.

"ಅನಸೂಯ" ಎಂದೆ. "ನನ್ನ ಹೆಸರು ಮೊದಲು ಹಾಕು."