ಪೋಕರ್ ಕೊಟ್ಟ ಹಸಿರು ಬಾಟಲಿ

ಕುಡಿಯದೆ ಕುಡುಕ ಅನ್ನಿಸಿಕೊಳ್ಳುವಷ್ಟು ಸುಸ್ತಿನ ಕೆಲಸ ಇನ್ನೊಂದಿಲ್ಲ. ಕುಡಿದವನಿಗೆ ಕುಡಿದ ಸುಖವಾದರೂ ಇರುತ್ತದೆ.

ನನ್ನ ಹೊಟ್ಟೆ ಕೆಟ್ಟದ್ದು ಎಂಬತ್ತನೇ ಇಸವಿಯ ಆಚೀಚೆ. ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಆಗ ಸಾರಾಯಿ ಕುಡಿಯುತ್ತಿದ್ದೆ, ಸುಳ್ಳಲ್ಲ. ನಮ್ಮೂರು ಆಲೆಟ್ಟಿಯವರೆಲ್ಲ ಸಾರಾಯಿಯನ್ನೇ ದೂರಿದರು. ಹೆಂಡತಿ ಕಮಲಾವತಿ ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಹಾಕಿಸಿದಳು. ಬಿಟ್ಟೆ. ಹೊಟ್ಟೆ ಮಾತ್ರ ಹಾಗೆಯೇ ಇತ್ತು. ಕೊನೆಗೆ ಮಂಗಳೂರಿನ ಡಾಕ್ಟರೊಬ್ಬರು ಬಾಯಿಯಿಂದ ಕೊಳವೆ ಇಳಿಸಿ ಕರುಳಿನ ಚೂರು ತೆಗೆದು ನೋಡಿದರು. ಗೋಧಿ, ಬಾರ್ಲಿಗಳಲ್ಲಿರುವ ಅಂಟು ನನ್ನ ಕರುಳಿಗೆ ಆಗುವುದಿಲ್ಲ, ಜೀವ ಇರುವವರೆಗೆ ಮುಟ್ಟಬಾರದು ಎಂದರು. ಕಮಲಾವತಿ ರವೆ, ಮೈದಾ ಎಲ್ಲ ಹೊರಗೆ ಹಾಕಿದಳು. ನನ್ನ ಉರಿಮೂತ್ರಕ್ಕೆಂದು ವರ್ಷಗಟ್ಟಲೆ ಕುದಿಸುತ್ತಿದ್ದ ಬಾರ್ಲಿಯ ಡಬ್ಬವೂ ಹೋಯಿತು. ನಾನು ಮತ್ತೆ ಮನುಷ್ಯನಾದೆ.

ಆದರೆ ಅವಳ ಪ್ರಕಾರ ನನ್ನನ್ನು ಗುಣ ಮಾಡಿದ್ದು ಡಾಕ್ಟರಲ್ಲ, ಆಣೆ. ಅಲ್ಲಿಗೆ, ಹೊಟ್ಟೆ ಮತ್ತೆ ಕೆಟ್ಟರೆ ಅದಕ್ಕೆ ಅರ್ಥ ಒಂದೇ.

ಸುಳ್ಯದಲ್ಲಿ ನಾನು ಅಡಿಕೆ ಕೊಡುವುದು ಪೋಕರ್ ಬ್ಯಾರಿಯ ಅಂಗಡಿಗೆ. ನಾನು ಗುಣವಾಗಿ ಕೆಲವು ವರ್ಷ ಕಳೆದ ಮೇಲೆ ಒಮ್ಮೆ ಅವನ ಅಳಿಯ ದುಬೈಯಿಂದ ಬರುವಾಗ ಹಸಿರು ಬಾಟಲಿಗಳನ್ನು ತಂದಿದ್ದ. ನೋಡಲಿಕ್ಕೆ ಬೀರ್, ನೊರೆ ಬೀರಿನದ್ದು, ಕಹಿಯೂ ಬೀರಿನದ್ದೇ. ಆದರೆ ಅದರಲ್ಲಿ ಅಮಲಿಲ್ಲ. ಅಲ್ಲಿ ನಮಾಜು ಮಾಡುವವರೂ ಕುಡಿಯುತ್ತಾರೆ ಎಂದು ಪೋಕರ್ ಹೇಳಿ, ನನ್ನೆದುರೇ ಒಂದು ಕುಡಿದ. ಪೋಕರನಂಥವನೇ ಕುಡಿದ ಮೇಲೆ ನಾನು ಯೋಚಿಸಬೇಕಾದದ್ದು ಎಂತ ಉಂಟು? ಒಂದು ಚೀಲ ತುಂಬ ಕೊಟ್ಟ. ದಿನಾ ಸಂಜೆ ತೋಟದಿಂದ ಬಂದು ಒಂದೊಂದು ಕುಡಿದೆ. ಖಾಲಿ ಬಾಟಲಿಗಳನ್ನು ಬಚ್ಚಲಿನ ಹಿಂದೆ ಇಟ್ಟೆ. ಕಮಲಾವತಿಗೆ ಕಂಡರೆ ವಿವರಿಸುತ್ತ ಕೂರಬೇಕಲ್ಲ, ಆ ಉದಾಸೀನ.

ವಾರ ಕಳೆಯುವಷ್ಟರಲ್ಲಿ ಹೊಟ್ಟೆ ಉಬ್ಬಿತು. ಆಮೇಲೆ ಹಳೆಯ ಓಡಾಟ ಸುರುವಾಯಿತು. ಕಮಲಾವತಿ ಏನೂ ಕೇಳದೆ ಹುಡುಕಿದಳು. ಬಾಟಲಿಗಳನ್ನು ತಂದು ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿದಳು.

ಅದು ಮದ್ಯವಲ್ಲ, ಪೋಕರನನ್ನು ಕೇಳು ಎಂದು ಕೂಗಿದೆ. ಅವಳು ಕೂಗಲಿಲ್ಲ.

"ಮದ್ಯ ಅಲ್ಲದಿದ್ದರೆ ಹೊಟ್ಟೆ ಯಾಕೆ ಕೆಟ್ಟದ್ದು?"

ಗೋಧಿಯ ಒಂದು ಚೂರೂ ನಾನು ತಿಂದಿರಲಿಲ್ಲ.

"ಸೋಮವಾರ ಧರ್ಮಸ್ಥಳಕ್ಕೆ ಹೋಗುವ. ಅಲ್ಲಿ ನಿಂತು ಹೇಳಿ, ಕುಡಿಯಲಿಲ್ಲ ಅಂತ."

ಹೇಳಲಿಕ್ಕೆ ನನಗೇನು ಹೆದರಿಕೆ? ಹೆದರಿಕೆ ಇದ್ದದ್ದು ಬೇರೆ. ಆಣೆ ಹೇಳಿ ಬಂದ ಮೇಲೂ ಹೊಟ್ಟೆ ನಿಲ್ಲದಿದ್ದರೆ, ದೇವರ ಎದುರೇ ಸುಳ್ಳು ಹೇಳಿದೆ ಎಂದು ಅವಳು ನಂಬುತ್ತಾಳೆ. ಆಮೇಲೆ ಈ ಜನ್ಮದಲ್ಲಿ ನನ್ನ ಮಾತಿಗೆ ನಮ್ಮ ಮನೆಯಲ್ಲಿ ಬೆಲೆ ಇಲ್ಲ. ಸಿಟ್ಟು ಮಾಡಲಿಕ್ಕೂ ಮೈಯಲ್ಲಿ ತ್ರಾಣ ಇರಲಿಲ್ಲ. ಪೋಕರನಿಗೆ ಹೇಳಿ ಕಳಿಸಿದೆ.

ಆದಿತ್ಯವಾರ ಅವನು ತನ್ನಲ್ಲಿ ಉಳಿದಿದ್ದ ಕೊನೆಯ ಬಾಟಲಿ ಹಿಡಿದುಕೊಂಡೇ ಬಂದ. ಅವನಿಗೂ ಸಿಟ್ಟು ಬಂದಿತ್ತು, ತನ್ನ ಮನೆಯಿಂದ ಹೆಂಡ ಹೋಯಿತು ಎಂದರೆ ಅವನ ಮರ್ಯಾದೆ ಎಲ್ಲಿ ಉಳಿಯಿತು?

"ಕಮಲಾವತಿಯಕ್ಕ, ನೀವೇ ಮೂಸಿ ನೋಡಿ. ಇದರಲ್ಲಿ ಅಮಲು ಇದ್ದರೆ ನಾಳೆಯಿಂದ ನಾನು ಮಸೀದಿಗೆ ಹೋಗುದಿಲ್ಲ."

ಅವನು ಲೋಟಕ್ಕೆ ಸುರಿದ. ಅವಳು ಮೂಸಿದಳು. ಮತ್ತೆ ಮೂಸಿದಳು. ಆಮೇಲೆ, ಜೀವಮಾನದಲ್ಲಿ ಅಂಥದ್ದನ್ನು ತುಟಿಗೆ ತಾಗಿಸದವಳು, ಒಂದು ಗುಟುಕು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ನುಂಗದೆ ನಿಂತಳು. ಅಂಗಳಕ್ಕೆ ಹೋಗಿ ಉಗುಳಿ ಬಂದಳು.

"ಇದು ಬಾರ್ಲಿ" ಎಂದಳು.

ಪೋಕರ್ ತಲೆ ಆಡಿಸಿದ. "ಹೌದು, ಬಾರ್ಲಿ ಮೊಳಕೆ ಬರಿಸಿ ಮಾಡುದು."

"ಮೊದಲೇ ಹೇಳ್ಲಿಕ್ಕೆ ನಿನಗೆ ಎಂತ ರೋಗ ಮಾರಾಯ?" ಎಂದೆ ನಾನು.

"ನೀವು ಅಮಲು ಉಂಟಾ ಅಂತ ಕೇಳಿದ್ದು ಗೌಡ್ರೆ. ಬಾರ್ಲಿ ಉಂಟಾ ಅಂತ ಯಾರಾದರೂ ಕೇಳ್ತಾರಾ?" ಅವನಿಗೆ ನಗು ಬಂತು. "ನಿಮ್ಮ ಹೊಟ್ಟೆಗೆ ತಾಳೆ ಮರದ ಕಳ್ಳೇ ಆಗ್ತಿತ್ತು. ಅದಕ್ಕೆ ಆಣೆ ಉಂಟು. ಆಣೆ ಇಲ್ಲದ್ದು ಹೊಟ್ಟೆಗೆ ಆಗುದಿಲ್ಲ. ನಿಮ್ಮ ಗ್ರಹಚಾರ."

ನಾನು ನಗಲಿಲ್ಲ. ಕಮಲಾವತಿಯೂ ನಗಲಿಲ್ಲ. ಲೋಟದಲ್ಲಿ ಉಳಿದದ್ದನ್ನು ಬಾಳೆಯ ಬುಡಕ್ಕೆ ಚೆಲ್ಲಿ, ಲೋಟವನ್ನು ಬೂದಿ ಹಾಕಿ ತಿಕ್ಕಿದಳು. ಪೋಕರನಿಗೆ ಚಹಾ ಕೊಟ್ಟು ಕಳಿಸಿದಳು. ನನ್ನೆದುರು ಉಪ್ಪು ಹಾಕಿದ ಗಂಜಿ ತಿಳಿ ತಂದಿಟ್ಟಳು. ತಪ್ಪಾಯಿತು ಎಂಬ ಮಾತು ಅವಳ ಬಾಯಲ್ಲಿ ಬರುವಂಥದ್ದಲ್ಲ. ಅದಕ್ಕೆ ನಾನು ಕಾಯಲೂ ಇಲ್ಲ.

"ಹಾಗಾದರೆ ನಾಳೆ ಹೋಗುದು ಬೇಡ" ಎಂದೆ.

"ಹೋಗುದೇ. ನೀವು ಆಣೆ ಹೇಳುದು ಬೇಡ." ಸೆರಗಿನಿಂದ ಕೈ ಒರೆಸಿಕೊಂಡಳು. "ನನ್ನದೊಂದು ತಪ್ಪು ಕಾಣಿಕೆ ಹಾಕ್ಲಿಕ್ಕೆ ಉಂಟು."

ಈ ಹೊಟ್ಟೆ ಕಟ್ಟಿಕೊಂಡು ನಾನು ಬಸ್ಸಿನಲ್ಲಿ ಹೇಗೆ ಕೂರಲಿ, ಅದು ಅವಳಿಗೆ ಹೊಳೆಯಲಿಲ್ಲ.

"ಮೊದಲು ಹೊಟ್ಟೆ ನಿಲ್ಲಲಿ" ಎಂದು ಗಂಜಿ ತಿಳಿ ಎತ್ತಿದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಅದನ್ನೂ ಒಮ್ಮೆ ಮೂಸಿಯೇ ವಾಪಸು ಕೊಟ್ಟಳು.