ಓದದೆ ಹಾಕಿದ ಸಹಿ

ದೊಡ್ಡ ಓಣಿಯ ಬಾಯಲ್ಲಿ ಹಲಗೆಯ ಬಡಿತ ಥಟ್ಟನೆ ನಿಂತಿತು. ಕರೆವ್ವನ ಹೆಣಕ್ಕೆ ಅಡ್ಡ ನಿಂತವನು ಪ್ರಭುಲಿಂಗಪ್ಪ, ಊರ ಹಿರಿಯ, ಪಂಚಾಯ್ತಿಯ ಹಳೇ ಮೆಂಬರು.

“ಹಿಂದ ತಿರುಗಸ್ರಿ. ನಿಮ್ಮ ಕೇರಿ ಮಂದಿ ಹಳ್ಳ ದಾಟಿ ಸುಡುಗಾಡಿಗೆ ಹೋಗೂದು ಪದ್ಧತಿ.”

ಹಳ್ಳದಲ್ಲಿ ಸೊಂಟಮಟ್ಟ ನೀರಿತ್ತು. ಅಪ್ಪನ ಹೆಣ ಅದೇ ನೀರಿನಲ್ಲಿ ಹೆಗಲಿಂದ ಜಾರಿದ್ದನ್ನು ಮಗಳು ಮೈಲವ್ವ ಕಣ್ಣಾರೆ ಕಂಡವಳು. ಅವ್ವನನ್ನೂ ಆ ನೀರಿಗೆ ಕೊಡುವುದಿಲ್ಲ. ಅವಳಿಗೆ ಅಳುವಿಗಿಂತ ಸಿಟ್ಟೇ ಮುಂದಾಗಿತ್ತು.

“ಹೋಗಂಗಿಲ್ಲ” ಎಂದಳು.

*

ಏಳು ವರ್ಷದ ಹಿಂದೆ ಮೀಸಲಾತಿ ಬಂದು ಕರೆವ್ವ ಪಂಚಾಯ್ತಿ ಅಧ್ಯಕ್ಷೆಯಾದಳು. ಅಲ್ಲಿಯವರೆಗೆ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈ ಅದು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಅವಳೆದುರು ಕೂಡುವುದು ಅವಮಾನವೆಂದು ಮೆಂಬರುಗಳು ಸಭೆಗೇ ಬರಲಿಲ್ಲ. ನಿರ್ಣಯ ಬರೆಯುವ ಠರಾವಿನ ಪುಸ್ತಕವನ್ನು ಸಿಪಾಯಿ ಫಕ್ರುದ್ದೀನ ಮನೆಮನೆಗೆ ಒಯ್ಯುತ್ತಿದ್ದ. ಅವರು ಕಟ್ಟೆಯ ಮೇಲೆ ಕೂತೇ ಸಹಿ ಗೀಚುತ್ತಿದ್ದರು.

“ಒಬ್ರೂ ಓದಂಗಿಲ್ಲಬೇ” ಎಂದ ಫಕ್ರುದ್ದೀನ.

“ಚಲೋ ಆತು” ಎಂದು ಕರೆವ್ವ ನಕ್ಕಳು. ಮರುದಿನವೇ ಕಾರ್ಯದರ್ಶಿಯಿಂದ ಬರೆಸಿದಳು: ಸುಡುಗಾಡಿಗೆ ಹೋಗಲು ದೊಡ್ಡ ಓಣಿ ಎಲ್ಲ ಜಾತಿಯವರಿಗೂ ಮುಕ್ತ, ತಡೆದವರ ಮೇಲೆ ಕಾಯ್ದೆ ಪ್ರಕಾರ ಪೊಲೀಸರಿಗೆ ಬರೆಯತಕ್ಕದ್ದು. ತಾನು ಹೆಬ್ಬೆಟ್ಟು ಒತ್ತಿದಳು. ಮನೆಮನೆ ತಿರುಗಿ ಬಂದ ಪುಸ್ತಕದಲ್ಲಿ ಎಲ್ಲರ ಸಹಿಯೂ ಇತ್ತು.

ಇಷ್ಟಾದರೂ ಆ ಓಣಿಯಲ್ಲಿ ಹೆಣ ಒಯ್ಯಲು ಕೇರಿಯವರಿಗೆ ಎದೆ ಸಾಲಲಿಲ್ಲ.

“ಯಾರೂ ಹೋಗದಿದ್ರ ಬಿಡ್ರಿ, ನಾನ ಮೊದಲ ಹೋಗತೇನಿ” ಎಂದಿದ್ದಳು ಕರೆವ್ವ.

*

ಮೈಲವ್ವ ಸೆರಗಿನ ಗಂಟು ಬಿಚ್ಚಿ ಠರಾವಿನ ನಕಲನ್ನು ಹೆಣದ ಜೊತೆ ಬಂದಿದ್ದ ಫಕ್ರುದ್ದೀನನಿಗೆ ಕೊಟ್ಟಳು. ಮುದುಕ ಎಲ್ಲರಿಗೂ ಕೇಳುವಂತೆ ಓದಿದ.

“ಇದು ಯಾವಾಗ ಆತು?” ಪ್ರಭುಲಿಂಗಪ್ಪನ ಮುಖ ಸಣ್ಣದಾಯಿತು.

“ನೀವು ಚಾ ಕುಡಕೋತ ಸಹಿ ಮಾಡಿದ್ರಿ, ಯಜಮಾನ್ರ. ಓದ್ರಿ ಅಂದೆ. ಅಕಿ ಹೆಬ್ಬೆಟ್ಟಿನ ಹಾಳಿ ಏನ್ ಓದೂದು ಅಂದ್ರಿ.”

“ಸಭಾಕ್ಕ ಬಂದಿದ್ರ ನಮ್ಮವ್ವನ ಬಾಯಿಂದನ ಕೇಳತಿದ್ರಿ” ಎಂದಳು ಮೈಲವ್ವ. “ಈಗ ನಿಮ್ಮ ಸಹಿಗೆ ನೀವ ಅಡ್ಡ ನಿಂತೀರಿ. ದಾರಿ ಬಿಡತೀರೋ, ಪೊಲೀಸ್ರಿಗೆ ಬರಸಲೋ?”

ಪ್ರಭುಲಿಂಗಪ್ಪ ಹೋಗಿ ಅದೇ ಓಣಿಯ ತನ್ನ ಮನೆಯ ಕಟ್ಟೆಯ ಮೇಲೆ ಕೂತ. ಹಲಗೆ ಮತ್ತೆ ಬಡಿಯತೊಡಗಿತು, ಮೊದಲಿಗಿಂತ ಜೋರಾಗಿ.

ಕೇರಿಯ ರೂಢಿಯಂತೆ ಹೆಣವನ್ನು ಕೂಡಿಸಿಯೇ ಹೊತ್ತಿದ್ದರು. ಸಭೆಯಲ್ಲಿ ಎಂದೂ ಅವನೆದುರು ಕೂಡಲು ಸಿಗದ ಕರೆವ್ವ, ಕೊರಳ ತುಂಬ ಚೆಂಡುಹೂವು ಹಾಕಿಕೊಂಡು, ನಾಲ್ಕು ಹೆಗಲ ಮೇಲೆ ನೆಟ್ಟಗೆ ಕೂತು, ಅವನ ತಲೆಗಿಂತ ಒಂದು ಮೊಳ ಎತ್ತರದಲ್ಲಿ ಓಣಿಯ ನಟ್ಟನಡುವೆ ಹಾದುಹೋದಳು.